ಪಂಜರದ ಬಾಗಿಲು ತೆರೆದ ಮೇಲೆ

ಕಳೆದ ತಿಂಗಳ ಒಂದು ಭಾನುವಾರ, ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ನಮ್ಮ ಊರಿನ ವಾಚನಾಲಯದಲ್ಲಿ, ಮಕಾವ್ ಎಂಬ ಗಿಳಿಗಳನ್ನು ಮತ್ತೆ ಕಾಡಿಗೆ ಬಿಡುವ ಕೆಲಸದ ಬಗ್ಗೆ ಮಾತಾಡಿದ್ದೆ. ಬರಲು ಆಗದವರು ಬರೆದು ಕೊಡಿ ಅಂದರು. ಮಾತಾಡಿದ ಹಾಗೆಯೇ ಬರೆದಿದ್ದೇನೆ. ಮಧ್ಯೆ ಕರೆಂಟು ಹೋಗಿ ಚಿತ್ರ ತೋರಿಸಲು ಆಗದ ಕಡೆ ಬಾಯಲ್ಲಿ ಹೇಳಿದ್ದನ್ನು ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೇನೆ.

ಎಲ್ಲರಿಗೂ ನಮಸ್ಕಾರ. ಯಾವುದಾದರೂ ಹಕ್ಕಿಯ ಬಗ್ಗೆ ಮಾತಾಡಿ ಮಾಸ್ಟ್ರೇ ಅಂತ ವಾಚನಾಲಯದವರು ಕೇಳಿದಾಗ ನಾನು ಮಕಾವ್ ಅಂದೆ. ಅದು ಇಲ್ಲಿಯ ಹಕ್ಕಿ ಅಲ್ಲವಲ್ಲ, ನಮ್ಮ ಕಾಡಿನ ದೊಡ್ಡ ಕೊಕ್ಕಿನ ಮಂಗಟ್ಟೆಯ ಬಗ್ಗೆ ಹೇಳಬಹುದಲ್ಲ ಅಂದರು. ಮಂಗಟ್ಟೆಯೂ ಬರುತ್ತದೆ, ಸ್ವಲ್ಪ ತಡೆಯಿರಿ. ಮೊದಲು ಈ ಕಿಟಕಿಯಿಂದ ಹೊರಗೆ ನೋಡಿ. ಎದುರಿನ ಗುಡ್ಡೆ ತುಂಬ ಗೇರು. ಅದರಾಚೆ ರಬ್ಬರ್. ಅಂಗಳದ ಬದಿಯಲ್ಲಿ ಪಪ್ಪಾಯಿ, ಪೇರಳೆ, ಬೇಲಿಯ ಬುಡದಲ್ಲಿ ಅನಾನಸು. ಇವೆಲ್ಲ ಅಮೆರಿಕ ಖಂಡದಿಂದ ಬಂದವು. ಗೇರಂತೂ ಬ್ರೆಜಿಲ್‌ನ ಗಿಡ, ಪೋರ್ಚುಗೀಸರು ಹಡಗಿನಲ್ಲಿ ತಂದದ್ದು. ಆ ನಾಡಿನ ಮರಗಳನ್ನು ನಂಬಿ ನಾವು ಮಕ್ಕಳನ್ನು ಓದಿಸಿದ್ದೇವೆ, ಮನೆ ಕಟ್ಟಿದ್ದೇವೆ. ಹಾಗಿರುವಾಗ ಅಲ್ಲಿಯ ಹಕ್ಕಿಗಳ ಪಾಡೇನಾಯಿತು ಅಂತ ಒಂದು ಗಂಟೆ ಕೂತು ಕೇಳುವುದು ಜಾಸ್ತಿ ಆಗುವುದಿಲ್ಲ.

ಮಕಾವ್ ಅಂದರೆ ಉದ್ದ ಬಾಲದ ದೊಡ್ಡ ಗಿಳಿ. ಮೆಕ್ಸಿಕೋದಿಂದ ಅರ್ಜೆಂಟೀನದವರೆಗೆ ಬೇರೆ ಬೇರೆ ಜಾತಿಯವು ಇವೆ. ಎಲ್ಲಕ್ಕಿಂತ ದೊಡ್ಡದು ಹಯಸಿಂತ್ ಮಕಾವ್. ಕೊಕ್ಕಿನಿಂದ ಬಾಲದ ತುದಿಗೆ ಒಂದು ಮೀಟರ್. ತೂಕ ಒಂದೂವರೆ ಕಿಲೋ. ಮೈಯೆಲ್ಲ ಗಾಢ ನೀಲಿ, ಕಣ್ಣಿನ ಸುತ್ತ ಒಂದು ಹಳದಿ ಬಳೆ. ನಾವು ಕತ್ತಿ ಹಿಡಿದು ಒಡೆಯುವಂಥ ತಾಳೆ ಜಾತಿಯ ಗಟ್ಟಿ ಕಾಯಿಯನ್ನು ಅದು ಕೊಕ್ಕಿನಲ್ಲೇ ಒಡೆಯುತ್ತದೆ. ನಾನು ಬ್ರೆಜಿಲ್‌ಗೆ ಹೋದವನಲ್ಲ. ಇವುಗಳಿಗಾಗಿ ದುಡಿಯುವವರು ಬರೆದದ್ದನ್ನು ಹತ್ತು ಹದಿನೈದು ವರ್ಷದಿಂದ ಬಿಡದೆ ಓದುತ್ತಾ ಬಂದಿದ್ದೇನೆ. ಯಾಕೆ ಅಂತ ಕೇಳಿದರೆ ನನ್ನ ಮನೆಯ ಒಂದು ಕತೆಯಿಂದಲೇ ಶುರು ಮಾಡಬೇಕು.

ನಾನಾಗ ಆರನೇ ಕ್ಲಾಸು. ನಮ್ಮ ತೋಟದಲ್ಲಿ ಸಿಡಿಲು ಬಡಿದು ತಲೆ ಹೋದ ಒಂದು ತೆಂಗಿನ ಮರ ಇತ್ತು. ಬರೀ ಬೊಡ್ಡೆ. ಅಡಿಕೆ ಕಂಗಿನ ಮೇಲೆ ಬಿದ್ದೀತು ಅಂತ ಅಪ್ಪ ಕಡಿಸಿದರು. ಬಿದ್ದ ಬೊಡ್ಡೆಯ ಪೊಟರೆಯೊಳಗೆ ಮೂರು ಗಿಳಿಮರಿ ಇದ್ದವು. ಎರಡು ಬಿದ್ದ ಪೆಟ್ಟಿಗೇ ಸತ್ತವು. ಉಳಿದ ಒಂದನ್ನು ಅಜ್ಜಿ ಹಳೆಯ ಮುಟ್ಟಾಳೆಯೊಳಗೆ, ಅಂದರೆ ಅಡಿಕೆ ಹಾಳೆಯ ಟೊಪ್ಪಿಯೊಳಗೆ, ಬಟ್ಟೆ ಹಾಸಿ ಇಟ್ಟರು. ಕದಳಿ ಹಣ್ಣು ಹಿಸುಕಿ, ಅನ್ನ ನುರಿದು ಕೊಟ್ಟು ಸಾಕಿದೆವು. ರೆಕ್ಕೆ ಬಂತು. ಇನ್ನು ಬಿಡಬೇಕು ಮಗಾ, ಅದರ ಶಾಪ ಬೇಡ ಅಂದರು ಅಜ್ಜಿ. ಗುಡ್ಡೆಗೆ ಒಯ್ದು ಗೇರು ಮರದ ಗೆಲ್ಲಿನ ಮೇಲೆ ಕೂರಿಸಿದೆವು. ನಾವು ಮನೆ ಮುಟ್ಟುವ ಮೊದಲೇ ಅದು ಬಂದು ಜಗಲಿಯಲ್ಲಿ ಕೂತಿತ್ತು. ಮೂರು ದಿನ ಹೀಗೇ ಆಯಿತು. ನಾಲ್ಕನೇ ದಿನ ಮಧ್ಯಾಹ್ನ ನಾನು ಜಗಲಿಯಲ್ಲೇ ಕೂತಿದ್ದೆ. ಪಕ್ಕದ ಮನೆಯ ಬೆಕ್ಕು ಮೆಟ್ಟಿಲು ಹತ್ತಿ ಬಂತು. ಗಿಳಿ ಹಾರಲಿಲ್ಲ. ತಲೆ ಓರೆ ಮಾಡಿ ನೋಡಿತು. ನಮ್ಮ ಹತ್ತಿರ ಬಾಳೆಹಣ್ಣಿಗೆ ನಡೆದು ಬರುತ್ತಿತ್ತಲ್ಲ, ಹಾಗೆಯೇ ಎರಡು ಹೆಜ್ಜೆ ಬೆಕ್ಕಿನ ಕಡೆ ನಡೆಯಿತು. ನಾನು ಏಳುವಷ್ಟರಲ್ಲಿ ಮುಗಿದಿತ್ತು.

ಬೆಕ್ಕು ಅಂದರೆ ಏನು ಅಂತ ಅದಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ. ನಮಗೆ ಉಣಿಸುವುದು ಗೊತ್ತಿತ್ತು, ಹೆದರುವುದನ್ನು ಕಲಿಸಲು ಗೊತ್ತಿರಲಿಲ್ಲ. ಇವತ್ತು ನಾನು ಹೇಳಬೇಕಾದದ್ದರ ಮುಕ್ಕಾಲು ಪಾಲು ಇದೇ.

ಈಗ ಬ್ರೆಜಿಲ್‌ಗೆ ಹೋಗೋಣ. ಈಶಾನ್ಯದ ಬಯೀಯ ರಾಜ್ಯ, ಸಾವ್ ಫ್ರಾನ್ಸಿಸ್ಕೊ ನದಿಯ ಬದಿಯ ಒಣ ನಾಡು. ಮುಳ್ಳುಗಿಡ, ಕಳ್ಳಿ, ಕುರುಚಲು. ಈ ತರದ ಕಾಡಿಗೆ ಅಲ್ಲಿ ಕಾಟಿಂಗ ಅನ್ನುತ್ತಾರೆ. ಮಳೆಗಾಲದಲ್ಲಿ ಮಾತ್ರ ಹರಿಯುವ ತೋಡುಗಳ ಬದಿಯಲ್ಲಿ ದೊಡ್ಡ ಮರಗಳಿವೆ, ಹೆಸರು ಕರಾಯ್ಬೇರ. ಬೆಂಗಳೂರಿನ ರಸ್ತೆಗಳಲ್ಲಿ ಬೇಸಗೆ ಶುರುವಾಗುವಾಗ ಎಲೆಯೆಲ್ಲ ಉದುರಿ ಹಳದಿ ಹೂ ಸುರಿಯುತ್ತದಲ್ಲ, ತಬೂಬಿಯ, ಅದೇ ಮರ. ನಾವು ಅದರ ಕೆಳಗೆ ನಿಂತು ಫೋಟೋ ತೆಗೆಸಿಕೊಳ್ಳುತ್ತೇವೆ. ಅಲ್ಲಿ ಅದರ ಪೊಟರೆಯಲ್ಲಿ ಒಂದು ನೀಲಿ ಹಕ್ಕಿ ಮರಿ ಮಾಡುತ್ತಿತ್ತು. ಸ್ಪಿಕ್ಸ್ ಮಕಾವ್. 1819ರಲ್ಲಿ ಜರ್ಮನಿಯ ಸ್ಪಿಕ್ಸ್ ಎಂಬ ವಿಜ್ಞಾನಿ ಆ ನದಿಯ ದಂಡೆಯಲ್ಲಿ ಅದನ್ನು ಗುರುತಿಸಿದ್ದರಿಂದ ಆ ಹೆಸರು. ಹಯಸಿಂತ್‌ನಷ್ಟು ದೊಡ್ಡದಲ್ಲ. ತಲೆ ಬೂದಿ ಬಣ್ಣ, ಮೈ ನೀಲಿ.

ಮರ ಕಡಿದರು. ಉಳಿದ ಕಡೆ ಆಡುಗಳು ಸಸಿಗಳನ್ನು ಮೇಲೇಳಲು ಬಿಡಲಿಲ್ಲ. ಹಕ್ಕಿ ಕಡಿಮೆಯಾದಷ್ಟೂ ಅದರ ಬೆಲೆ ಏರಿತು, ಬೆಲೆ ಏರಿದಷ್ಟೂ ಹಿಡಿಯುವವರು ಜಾಸ್ತಿಯಾದರು. 1990ರಲ್ಲಿ ಹುಡುಕಿಕೊಂಡು ಹೋದವರಿಗೆ ಕುರಸಾ ಎಂಬ ಪೇಟೆಯ ಹತ್ತಿರ ಒಂದೇ ಒಂದು ಸಿಕ್ಕಿತು. ಒಂದು ಗಂಡು. ಕಾಡಿನಲ್ಲಿ ಆ ಜಾತಿಯದು ಅಂತ ಉಳಿದದ್ದು ಅದೊಂದೇ.

ಆ ಗಂಡು ಒಂಟಿಯಾಗಿ ಇರಲಿಲ್ಲ. ಬೇರೆ ಜಾತಿಯ ಒಂದು ಹೆಣ್ಣಿನ ಜೊತೆ ಸೇರಿಕೊಂಡಿತ್ತು, ಹಸುರು ಮೈಯ, ನೀಲಿ ರೆಕ್ಕೆಯ ಮಕಾವ್. ಹಗಲಿಡೀ ಎರಡೂ ಜೊತೆಗೆ ಹಾರುತ್ತಿದ್ದವು. ಸಂಜೆ ಆ ಗಂಡು ಹೆಣ್ಣನ್ನು ಅದು ಮಲಗುವ ಜಾಗದವರೆಗೆ ಬಿಟ್ಟು ಬರುತ್ತಿತ್ತು, ಆಮೇಲೆ ತಾನು ಒಬ್ಬನೇ ಹಾರಿ ಬಂದು ತನ್ನ ಕಳ್ಳಿಯ ತುದಿಯಲ್ಲಿ ರಾತ್ರಿ ಕಳೆಯುತ್ತಿತ್ತು. ಇದನ್ನು ಕುರಸಾದ ಜನ, ಕಾವಲಿಗಿದ್ದ ಸಂಶೋಧಕರು ವರ್ಷಗಟ್ಟಲೆ ನೋಡಿದ್ದಾರೆ. ಎರಡೂ ಪೊಟರೆಯಲ್ಲಿ ಗೂಡು ಮಾಡಿದವು. ಮೊಟ್ಟೆ ಇಟ್ಟರೂ ಮರಿ ಆಗುತ್ತಿರಲಿಲ್ಲ. ಕೊನೆಗೆ ಸಂಶೋಧಕರು ನೀಲಿ ರೆಕ್ಕೆಯ ಮಕಾವ್‌ನ ಮರಿಗಳನ್ನೇ ತಂದು ಆ ಗೂಡಿನಲ್ಲಿಟ್ಟು ನೋಡಿದರು. ಸಾಕಿ ದೊಡ್ಡ ಮಾಡಿ ಹಾರಿಸಿತು ಆ ಜೋಡಿ. ಅಂದರೆ ಆ ಗಂಡಿಗೆ ಅಪ್ಪನ ಕೆಲಸ ಎಲ್ಲ ಗೊತ್ತಿತ್ತು. ಹಾರುವ ದಾರಿ, ತಿನ್ನುವ ಕಾಯಿ, ಗಿಡುಗ ಬಂದಾಗ ಕೂಗುವ ಕೂಗು ಎಲ್ಲ ಅದರ ತಲೆಯೊಳಗಿತ್ತು. ಅದನ್ನು ಕೊಡಲು ತನ್ನ ಜಾತಿಯ ಒಂದು ಮರಿ ಇರಲಿಲ್ಲ.

1995ರಲ್ಲಿ ಪಂಜರದಲ್ಲಿದ್ದ ಒಂದು ಹೆಣ್ಣು ಸ್ಪಿಕ್ಸ್‌ನ್ನು ತಂದು ಅದೇ ಜಾಗದಲ್ಲಿ ಬಿಟ್ಟರು. ಎಷ್ಟು ಆಸೆ ಇಟ್ಟುಕೊಂಡಿದ್ದರೋ. ಎರಡು ತಿಂಗಳೊಳಗೆ ಆ ಹೆಣ್ಣು ಕಾಣದಾಯಿತು, ಕರೆಂಟಿನ ತಂತಿಗೆ ಬಡಿದು ಸತ್ತಿತು ಅಂತ ಆಮೇಲೆ ತಿಳಿಯಿತು. ಗಂಡನ್ನು ಕೊನೆಯ ಸಲ ನೋಡಿದ್ದು 2000ದ ಅಕ್ಟೋಬರಿನಲ್ಲಿ. 2019ರಲ್ಲಿ ಈ ಜಾತಿ ಕಾಡಿನಿಂದ ಅಳಿದಿದೆ ಅಂತ ಅಧಿಕೃತವಾಗಿಯೇ ಪಟ್ಟಿಗೆ ಸೇರಿತು.

ಇಲ್ಲಿಗೆ ಕತೆ ಮುಗಿಯಬೇಕಿತ್ತು, ಅಲ್ವಾ? ಮುಗಿಯಲಿಲ್ಲ. ಜಗತ್ತಿನ ಬೇರೆ ಬೇರೆ ಕಡೆ, ಕತಾರ್‌ನಲ್ಲಿ, ಜರ್ಮನಿಯಲ್ಲಿ, ಬ್ರೆಜಿಲ್‌ನಲ್ಲೇ, ಪಂಜರಗಳಲ್ಲಿ ಕೆಲವು ಡಜನ್ ಹಕ್ಕಿಗಳು ಉಳಿದಿದ್ದವು. ಎಲ್ಲ ಒಂದೇ ಮನೆಯವರ ಹಾಗೆ, ಹತ್ತಿರದ ಸಂಬಂಧ. ಒಂದೇ ಬಳ್ಳಿಯ ಮೆಣಸಿನ ಕುಡಿಯನ್ನೇ ತೋಟವಿಡೀ ನೆಟ್ಟರೆ ಒಂದು ರೋಗ ಸಾಕು ಅಂತ ನಿಮಗೆ ಗೊತ್ತಲ್ಲ, ಅದೇ ಭಯ. ಮೊಟ್ಟೆಗಳಲ್ಲಿ ತುಂಬಾ ಸಂಖ್ಯೆಯವು ಮರಿಯಾಗುತ್ತಿರಲಿಲ್ಲ. ಯಾವ ಗಂಡಿಗೆ ಯಾವ ಹೆಣ್ಣು ಅಂತ ವಂಶ ನೋಡಿ ಜೋಡಿ ಮಾಡಿದರು, ಕೃತಕ ಗರ್ಭಧಾರಣೆ ಮಾಡಿದರು. ನೂರು ದಾಟಿದವು. 2020ರ ಮಾರ್ಚ್‌ನಲ್ಲಿ, ಕೊರೋನಾಕ್ಕೆ ಜಗತ್ತು ಬಾಗಿಲು ಹಾಕುತ್ತಿದ್ದ ಹೊತ್ತಿನಲ್ಲಿ, 52 ಹಕ್ಕಿಗಳು ವಿಮಾನದಲ್ಲಿ ಜರ್ಮನಿಯಿಂದ ಕುರಸಾಕ್ಕೆ ಬಂದವು. ಇನ್ನೂ 26 ಹಕ್ಕಿಗಳು 2023ರಲ್ಲಿ ನಮ್ಮ ದೇಶಕ್ಕೇ, ಗುಜರಾತಿನ ಜಾಮ್‌ನಗರಕ್ಕೆ ಬಂದಿವೆ. ಅದರ ಬಗ್ಗೆ ಬ್ರೆಜಿಲ್ ತಕರಾರು ತೆಗೆದಿದೆ. ನನ್ನ ಅಭಿಪ್ರಾಯ ಕೇಳಿದರೆ, ಹಕ್ಕಿ ಎಲ್ಲಿದ್ದರೂ ಅದರ ಮರಿ ಹಾರಬೇಕಾದ ಆಕಾಶ ಕುರಸಾದ್ದು, ಅಷ್ಟೇ.

ಕುರಸಾಕ್ಕೆ ಬಂದವನ್ನು ಕೂಡಲೇ ಬಿಡಲಿಲ್ಲ. ಎರಡು ವರ್ಷ ಇಟ್ಟುಕೊಂಡರು. ದೊಡ್ಡ ಬಲೆಮನೆಯಲ್ಲಿ ಹಾರಿಸಿ ರೆಕ್ಕೆಗೆ ಬಲ ಬರಿಸಿದರು. ಆ ಕಾಡಿನದೇ ಕಾಯಿ, ಬೀಜ ಕೊಟ್ಟರು. 2022ರ ಜೂನ್ 11ಕ್ಕೆ ಎಂಟು ಹಕ್ಕಿಗಳಿಗೆ ಬಾಗಿಲು ತೆರೆದರು. ಈಗ ಸರಿಯಾಗಿ ಕೇಳಿ. ಆ ಎಂಟರ ಜೊತೆ ಇನ್ನೂ ಎಂಟು ಹಕ್ಕಿಗಳನ್ನು ಬಿಟ್ಟರು. ಸ್ಪಿಕ್ಸ್ ಅಲ್ಲ, ನೀಲಿ ರೆಕ್ಕೆಯ ಮಕಾವ್. ಹೌದು, ಆ ಒಂಟಿ ಗಂಡಿನ ಜೊತೆ ಇದ್ದ ಹೆಣ್ಣಿನ ಜಾತಿಯವೇ. ಯಾಕೆ ಅಂದರೆ ಎಲ್ಲಿ ತಿನ್ನಬೇಕು, ಯಾವುದಕ್ಕೆ ಹೆದರಬೇಕು ಅಂತ ತೋರಿಸಲು ಸ್ಪಿಕ್ಸ್‌ನಲ್ಲಿ ಒಂದು ಹಿರಿಯ ಹಕ್ಕಿಯೂ ಉಳಿದಿರಲಿಲ್ಲ. ಕಾಸರಗೋಡಿನ ನಮಗೆ ಇದನ್ನು ಜಾಸ್ತಿ ಬಿಡಿಸಿ ಹೇಳಬೇಕಾಗಿಲ್ಲ. ಕನ್ನಡ ಪುಸ್ತಕ ಕಪಾಟಿನಲ್ಲಿದ್ದರೆ ಮಗುವಿಗೆ ಕನ್ನಡ ಬರುವುದಿಲ್ಲ, ಮನೆಯಲ್ಲಿ ಬೈಯುವ, ಕತೆ ಹೇಳುವ ಒಂದು ಅಜ್ಜಿ ಬೇಕು. ಆ ಹಕ್ಕಿಗಳಿಗೆ ಪಕ್ಕದ ಮನೆಯ ಅಜ್ಜಿ ಕಲಿಸಿದರು ಅಂತ ಇಟ್ಟುಕೊಳ್ಳಿ. ಡಿಸೆಂಬರಿನಲ್ಲಿ ಇನ್ನೂ ಹನ್ನೆರಡು ಹೊರಗೆ ಹೋದವು. ಆಮೇಲೆ ಕಾಡಿನಲ್ಲೇ ಗೂಡು ಮಾಡಿ ಮೊಟ್ಟೆ ಇಟ್ಟು ಮರಿ ಒಡೆಸಿದವು. ಈ ಸುದ್ದಿಯನ್ನು ಮೊದಲ ಸಲ ಓದಿದ ದಿನ ನಾನು ನಮ್ಮ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ.

ಈ ಕಲಿಸುವ ಕೆಲಸವನ್ನು ಬೇರೆ ಕಡೆಯೂ ಮಾಡಿದ್ದಾರೆ. ಅರ್ಜೆಂಟೀನದ ಇಬೆರಾ ಅಂದರೆ ದೊಡ್ಡ ಜೌಗು ನಾಡು. ಅಲ್ಲಿ ಕೆಂಪು ಹಸುರು ಮಕಾವ್ ಕಾಣದೆ ನೂರು ವರ್ಷಕ್ಕೂ ಜಾಸ್ತಿ ಆಗಿತ್ತು. ಮೃಗಾಲಯಗಳಿಂದ, ಸಾಕಿದವರಿಂದ ಹಕ್ಕಿ ತಂದರು. ಸಣ್ಣ ಪಂಜರದಲ್ಲೇ ಬೆಳೆದ ಅವಕ್ಕೆ ದೂರ ಹಾರಲು ಬರುತ್ತಿರಲಿಲ್ಲ. ಒಂದು ಕಂಬದಿಂದ ಇನ್ನೊಂದು ಕಂಬಕ್ಕೆ, ದಿನ ದಿನ ಹಾರಿಸಿ ಕಲಿಸಿದರು. ಯಾವ ಪ್ರಾಣಿಗೆ ಹೆದರಬೇಕು ಅಂತಲೂ ಅಭ್ಯಾಸ ಮಾಡಿಸಿದರು. ಅದನ್ನು ಓದುವಾಗ ನನಗೆ ನಮ್ಮ ಜಗಲಿ, ಆ ಬೆಕ್ಕು ನೆನಪಾಗದೆ ಇರಲು ಸಾಧ್ಯವೇ ಇಲ್ಲ. 2015ರಲ್ಲಿ ಬಿಡಲು ಶುರು ಮಾಡಿದರು. 2020ರಲ್ಲಿ ಅಲ್ಲಿಯ ಕಾಡಿನಲ್ಲೇ ಮರಿ ಹುಟ್ಟಿದವು. ಮೆಕ್ಸಿಕೋದ ಪಲೆಂಕೆಯಲ್ಲಿ 2013, 2014ರಲ್ಲಿ 96 ಕೆಂಪು ಮಕಾವ್‌ಗಳನ್ನು ತಂಡ ತಂಡವಾಗಿ ಬಿಟ್ಟರು, ಬಿಟ್ಟ ಮೇಲೂ ಸ್ವಲ್ಪ ಕಾಲ ಆಹಾರ ಇಟ್ಟರು. ನೂರಕ್ಕೆ ತೊಂಬತ್ತಕ್ಕೂ ಜಾಸ್ತಿ ಬದುಕಿದವು. ಅವಸರ ಮಾಡದ ಕಡೆ ಹೀಗೆ ಆಗುತ್ತದೆ.

ಇನ್ನು ಮರದ ವಿಷಯ. ನಾವು ಕಂಗು ತೆಂಗಿನ ಜನ. ಬೈನೆ, ಈಚಲು, ತಾಳೆ ಎಲ್ಲ ಗೊತ್ತು. ಮಕಾವ್‌ಗಳೂ ಹಾಗೇ, ಹೆಚ್ಚಿನವು ಇದೇ ಕುಟುಂಬದ ಮರಗಳನ್ನು ನಂಬಿ ಬದುಕುವವು. ಲಿಯರ್ಸ್ ಮಕಾವ್ ಅಂತ ಒಂದಿದೆ, ಅದೂ ನೀಲಿ, ಅದೂ ಬಯೀಯದ್ದೇ. ಲಿಕುರಿ ಎಂಬ ಸಣ್ಣ ತಾಳೆಯ ಕಾಯಿ ಅದರ ಅನ್ನ. ಒಂದು ಹಕ್ಕಿ ದಿನಕ್ಕೆ 350 ಕಾಯಿಯವರೆಗೆ ತಿನ್ನುತ್ತದೆ. ಎಷ್ಟು ಮರ ಬೇಕು ಲೆಕ್ಕ ಹಾಕಿ. ಈ ಹಕ್ಕಿ ವ್ಯಾಪಾರದಲ್ಲಿ ಸಿಗುತ್ತಿತ್ತು, ಕಾಡಿನಲ್ಲಿ ಎಲ್ಲಿದೆ ಅಂತ ಮಾತ್ರ ವಿಜ್ಞಾನಿಗಳಿಗೆ ಗೊತ್ತಿರಲಿಲ್ಲ. 1978ರಲ್ಲಿ ಹೆಲ್ಮುಟ್ ಸಿಕ್ ಎಂಬವರು ಹುಡುಕಿ ಹಿಡಿದರು. ಮರಳುಕಲ್ಲಿನ ಕಡಿದಾದ ಬಂಡೆಗಳ ಬಿರುಕಿನಲ್ಲಿ ಗೂಡು. ಆಗ ಲೆಕ್ಕಕ್ಕೆ ಸಿಕ್ಕದ್ದು ನೂರರೊಳಗೆ. ಈಗ ಸಾವಿರ ದಾಟಿದೆ. ಲಿಕುರಿ ಸಾಕಾಗದ ವರ್ಷ ಅವು ರೈತರ ಮೆಕ್ಕೆಜೋಳಕ್ಕೆ ಬೀಳುತ್ತಿದ್ದವು, ರೈತರು ಗುಂಡು ಹಾರಿಸುತ್ತಿದ್ದರು. ಹಾಳಾದಷ್ಟು ಜೋಳವನ್ನು ಮೂಟೆಯಲ್ಲೇ ತಂದು ರೈತನ ಮನೆಗೆ ಇಳಿಸುವ ಏರ್ಪಾಡು ಮಾಡಿದರು. ಇಲ್ಲಿ ಹಂದಿ ಬಂದು ಮರಗೆಣಸು ಕಿತ್ತರೆ, ಮಂಗ ಬೊಂಡ ಉದುರಿಸಿದರೆ ಪರಿಹಾರದ ಕಾಗದ ಹಿಡಿದು ಎಷ್ಟು ಸಲ ಅಲೆಯಬೇಕು ಅಂತ ಈ ಸಭೆಯಲ್ಲಿ ಕೂತವರಿಗೆ ಗೊತ್ತು. ರೈತನ ಹೊಟ್ಟೆ ಉರಿಸಿ ಯಾವ ಹಕ್ಕಿಯೂ ಉಳಿಯುವುದಿಲ್ಲ. ಈ ಮಾತನ್ನು ನಾನು ಪರಿಸರದವರ ಸಭೆಯಲ್ಲೂ ಇಷ್ಟೇ ಗಟ್ಟಿಯಾಗಿ ಹೇಳುತ್ತೇನೆ.

ಹಯಸಿಂತ್‌ನ ಕತೆ ನನಗೆ ತುಂಬಾ ಇಷ್ಟ. ಬ್ರೆಜಿಲ್‌ನ ಪಂತನಾಲ್, ಮಳೆಗಾಲದಲ್ಲಿ ಮುಳುಗಿ ಬೇಸಗೆಯಲ್ಲಿ ಹುಲ್ಲುಗಾವಲಾಗುವ ದೊಡ್ಡ ಬಯಲು. ಅಲ್ಲಿ 1990ರಿಂದ ನೈವಾ ಗೆಡೆಸ್ ಎಂಬ ಜೀವವಿಜ್ಞಾನಿ ಈ ಒಂದೇ ಹಕ್ಕಿಯ ಹಿಂದೆ ಬಿದ್ದಿದ್ದಾರೆ. ಆಗ ಪಂತನಾಲ್‌ನಲ್ಲಿ ಉಳಿದದ್ದು ಸುಮಾರು 1,500. 1980ರ ದಶಕದಲ್ಲಿ ಸಾವಿರಗಟ್ಟಲೆ ಹಿಡಿದು ಮಾರಿದ್ದರು. ಆ ಹಕ್ಕಿ ಅಲ್ಲಿ ಗೂಡಿಗೆ ಹುಡುಕುವುದು ಹೆಚ್ಚುಕಡಿಮೆ ಒಂದೇ ಮರ, ಮಂಡುವಿ. ಹತ್ತರಲ್ಲಿ ಒಂಬತ್ತು ಗೂಡು ಅದರಲ್ಲೇ. ನಮ್ಮ ಪೀನಾರಿ ಮರ ಇದೆಯಲ್ಲ, ಹೂ ಬಿಟ್ಟಾಗ ಕೆಟ್ಟ ವಾಸನೆ ಬರುವುದು, ಅದರ ದಾಯಾದಿ ಮಂಡುವಿ. ಮೆತ್ತನೆ ತಿರುಳಿನ ಮರ, ಗೆಲ್ಲು ಮುರಿದ ಕಡೆ ಕೊಳೆತು, ಮರಕುಟಿಗ ಕುಟ್ಟಿ, ಪೊಟರೆ ಆಗುತ್ತದೆ. ಆದರೆ ಇಷ್ಟು ದೊಡ್ಡ ಹಕ್ಕಿ ಹಿಡಿಯುವ ಪೊಟರೆ ಆಗಬೇಕಾದರೆ ಮರಕ್ಕೆ ಅರುವತ್ತು ವರ್ಷವಾದರೂ ಆಗಿರಬೇಕು. ಇವತ್ತು ಸಸಿ ನೆಟ್ಟರೆ ನಮ್ಮ ಮೊಮ್ಮಕ್ಕಳ ಕಾಲಕ್ಕೆ ಒಂದು ಗೂಡು. ಅದಕ್ಕೇ ಅವರು ಮರದ ಪೆಟ್ಟಿಗೆ ಮಾಡಿ ಹಗ್ಗ ಹಾಕಿ ಹತ್ತಿ ಮರಗಳಿಗೆ ಕಟ್ಟಿದರು, ಹಳೆಯ ಪೊಟರೆಗಳ ಬಾಯಿ ಸರಿ ಮಾಡಿದರು. ಅಲ್ಲಿ ಜಮೀನೆಲ್ಲ ದನ ಸಾಕುವವರದು. ಒಬ್ಬೊಬ್ಬರ ಮನೆಗೂ ಹೋಗಿ ಕೂತು ಮಾತಾಡಿದರು. ಮೊದಲು ಹಕ್ಕಿ ಹಿಡಿಯುವವರನ್ನು ಕಂಡೂ ಸುಮ್ನೆ ಇದ್ದ ಜಮೀನಿನ ಜನ ಆಮೇಲೆ ತಾವೇ ಕಾವಲಾದರು. ಈಗ ಅಲ್ಲಿ ಸುಮಾರು 5,000 ಹಕ್ಕಿಗಳಿವೆ.

ಇದರಲ್ಲಿ ಒಂದು ಸಣ್ಣ ಸಂಗತಿ. ಹಯಸಿಂತ್‌ಗೆ ಬೇಕಾದ ಕಾಯಿಗಳಲ್ಲಿ ಒಂದು ಅಕುರಿ ತಾಳೆಯದು. ಅದರ ಹೊರಗಿನ ತಿರುಳು ಮೆತ್ತಿಕೊಂಡಿರುತ್ತದೆ. ದನ ಅದನ್ನು ನುಂಗಿ, ತಿರುಳು ಕರಗಿಸಿಕೊಂಡು, ಗಟ್ಟಿ ಕಾಯಿಯನ್ನು ಬಿಡುತ್ತದೆ. ಮಕಾವ್ ಹಿಂಡು ನೆಲಕ್ಕಿಳಿದು ದನ ಬಿಟ್ಟ ಆ ಕಾಯಿಗಳನ್ನು ಹೆಕ್ಕಿ ತಿನ್ನುತ್ತದೆ. ನಮ್ಮಲ್ಲಿ ಹಲಸಿನ ಹಣ್ಣು ತಿಂದ ದನದ ಹಟ್ಟಿಯಲ್ಲಿ ಬೇಳೆ ಸಿಗುತ್ತದಲ್ಲ, ಹಾಗೆ.

ಇನ್ನು ಮಂಗಟ್ಟೆ ಬರುತ್ತದೆ ಅಂದೆನಲ್ಲ. ಅಲ್ಲಿ ಮಂಗಟ್ಟೆ ಇಲ್ಲ, ಅದರ ಹಾಗೇ ದೊಡ್ಡ ಕೊಕ್ಕಿನ ಟುಕಾನ್ ಇದೆ. ಸಂಬಂಧಿಗಳಲ್ಲ, ಕೆಲಸ ಒಂದೇ. ಹಣ್ಣು ನುಂಗಿ ದೂರ ಹೋಗಿ ಬೀಜ ಉದುರಿಸುವುದು. ಮಂಡುವಿಯ ಬೀಜ ಹರಡುವುದರಲ್ಲಿ ಐದರಲ್ಲಿ ನಾಲ್ಕು ಪಾಲಿಗೂ ಜಾಸ್ತಿ ಕೆಲಸ ಈ ಟುಕಾನ್‌ನದು. ಅದೇ ಟುಕಾನ್ ಮಕಾವ್‌ನ ಗೂಡಿಗೆ ಕೊಕ್ಕು ಹಾಕಿ ಮೊಟ್ಟೆಯನ್ನೂ ತಿನ್ನುತ್ತದೆ. ಶತ್ರುಗಳ ಪಾಲಾಗುವ ಮೊಟ್ಟೆಗಳಲ್ಲಿ ಅರ್ಧಕ್ಕೂ ಹೆಚ್ಚು ಅದರ ಹೊಟ್ಟೆಗೆ. ಟುಕಾನ್ ಓಡಿಸಿದರೆ ಮೊಟ್ಟೆ ಉಳಿಯುತ್ತದೆ, ಮರ ಉಳಿಯುವುದಿಲ್ಲ. ಇದನ್ನು ಹೇಳಿದಾಗ ಹಿಂದಿನ ಸಾಲಿನಲ್ಲಿ ಕೂತಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹಾಗಾದರೆ ಏನು ಮಾಡಬೇಕು ಮಾಸ್ಟ್ರೇ ಅಂತ ಕೇಳಿದ. ಎರಡನ್ನೂ ಇಟ್ಟುಕೊಳ್ಳಬೇಕು, ಗೂಡುಗಳನ್ನು ಜಾಸ್ತಿ ಮಾಡಬೇಕು. ಬೇರೆ ದಾರಿ ಇಲ್ಲ ಅಂದೆ.

ಬೊಲಿವಿಯಾದ ಒಂದು ವಿಷಯವನ್ನು ನಮ್ಮ ಊರಿನಲ್ಲಿ ಹೇಳಲೇಬೇಕು. ಅಲ್ಲಿಯ ಬೇನಿ ಪ್ರದೇಶದಲ್ಲಿ ನೀಲಿ ಕೊರಳಿನ ಮಕಾವ್ ಇದೆ, ಬೆರಳೆಣಿಕೆಯ ನೂರುಗಳಷ್ಟು ಮಾತ್ರ. ಅಲ್ಲಿಯ ಮೂಲನಿವಾಸಿಗಳಿಗೆ ಒಂದು ಕುಣಿತ ಇದೆ, ಮಚೆತೆರೊ. ತಲೆಗೆ ಸೂರ್ಯನ ಕಿರಣದ ಹಾಗೆ ಹರಡಿದ ಗರಿಗಳ ದೊಡ್ಡ ಕಿರೀಟ. ಮಕಾವ್‌ನ ಬಾಲದ ಉದ್ದ ಗರಿ. ಒಂದು ಕಿರೀಟಕ್ಕೆ ಹಲವು ಹಕ್ಕಿಗಳ ಜೀವ. ನಮ್ಮ ಭೂತಕೋಲದಲ್ಲಿ ಬೆನ್ನಿಗೆ ಕಟ್ಟುವ ದೊಡ್ಡ ಅಣಿ ನೆನಪು ಮಾಡಿಕೊಳ್ಳಿ. ಹಾಳೆ, ತಿರಿ ಕಟ್ಟಿ ಅಣಿ ಏರಿಸಿ ನಿಂತವರಿಗೆ ಯಾರೋ ಹೊರಗಿನವರು ಬಂದು ಇದನ್ನು ಕಟ್ಟಬೇಡಿ ಅಂದರೆ ನಾವು ಸುಮ್ಮನಿರುತ್ತೇವಾ? ಅಲ್ಲಿಯ ಅರ್ಮೊನಿಯ ಎಂಬ ಸಂಸ್ಥೆ ಕಟ್ಟಬೇಡಿ ಅನ್ನಲಿಲ್ಲ. ಕುಣಿಯುವವರ ಜೊತೆ ಕೂತಿತು. ಹಕ್ಕಿಯನ್ನು ಮುಟ್ಟದೆ, ಬೇರೆ ವಸ್ತುಗಳಿಂದ ಅದೇ ಉದ್ದ, ಅದೇ ಬಣ್ಣದ ಗರಿಗಳನ್ನು ಮಾಡುವುದನ್ನು ಕಲಿಸಿತು. ಈಗ ಕುಣಿಯುವವರೇ ಅದನ್ನು ಮಾಡುತ್ತಾರೆ. ಕುಣಿತವೂ ಇದೆ, ಹಕ್ಕಿಯೂ ಇದೆ.

ಪೆರುವಿನ ತಂಬೊಪಾತ ಕಾಡಿನಲ್ಲಿ ಇನ್ನೊಂದು ಕೆಲಸ ನಡೆದಿದೆ. ಕೆಂಪು ಮಕಾವ್ ಎರಡರಿಂದ ನಾಲ್ಕು ಮೊಟ್ಟೆ ಇಡುತ್ತದೆ. ಒಂದೊಂದು ಮರಿ ಒಂದೊಂದು ದಿನ ಒಡೆಯುತ್ತದೆ. ಮೊದಲು ಒಡೆದದ್ದು ದೊಡ್ಡದಾಗುತ್ತದೆ, ಕೊನೆಯದಕ್ಕೆ ತಾಯಿ ತಂದೆ ಕೊಡುವುದೇ ಕಡಿಮೆ, ಅದು ಹಸಿವಿಗೆ ಸಾಯುತ್ತದೆ. ಹಾಗೆ ಸಾಯಲಿದ್ದ ಮರಿಗಳನ್ನು ಎತ್ತಿ, ಕೆಲವು ದಿನ ಸಾಕಿ, ಮರಿ ಕಡಿಮೆ ಇರುವ ಬೇರೆ ಗೂಡಿನಲ್ಲಿ ಇಟ್ಟರು. ಮೂರು ವರ್ಷದಲ್ಲಿ 28 ಮರಿ. ಒಂದೇ ಒಂದು ಗೂಡಿನವರೂ ಬೇಡ ಅನ್ನಲಿಲ್ಲ, ಹೆಚ್ಚಿನ ಮರಿಗಳು ಬೆಳೆದು ಹಾರಿ ಹೋದವು. ಉಣಿಸಿದ್ದೂ ಹಕ್ಕಿಯೇ, ಹಾರಲು ಕಲಿಸಿದ್ದೂ ಹಕ್ಕಿಯೇ. ಮನುಷ್ಯ ಮಾಡಿದ್ದು ಮರ ಹತ್ತಿ ಇಳಿದದ್ದು.

ಬೇಸರದ ಭಾಗ ಉಳಿದಿದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಕುರಸಾದಲ್ಲಿ 2025ರಲ್ಲಿ ರೋಗ ಕಾಣಿಸಿಕೊಂಡಿತು. ಗಿಳಿ ಜಾತಿಗೆ ಬರುವ ಸರ್ಕೋವೈರಸ್. ಗರಿ ಉದುರುತ್ತದೆ, ಹೊಸ ಗರಿ ಸರಿಯಾಗಿ ಹುಟ್ಟುವುದಿಲ್ಲ, ಕೊಕ್ಕು ಹಾಳಾಗುತ್ತದೆ. ಮದ್ದು ಇಲ್ಲ. ಮನುಷ್ಯರಿಗೆ ಬರುವುದಿಲ್ಲ. ಹೊರಗಿದ್ದ ಸ್ಪಿಕ್ಸ್‌ಗಳಲ್ಲಿ ಉಳಿದಿದ್ದ 11ನ್ನೂ ನವೆಂಬರಿನಲ್ಲಿ ಮತ್ತೆ ಹಿಡಿದರು. ಅಷ್ಟೂ ಹಕ್ಕಿಗಳಿಗೆ ಸೋಂಕು ಇತ್ತು. ಇಪ್ಪತ್ತೈದು ವರ್ಷದ ಕೆಲಸ ಮತ್ತೆ ಬಲೆಮನೆಯೊಳಗೆ ಬಂದು ನಿಂತಿತು. ಆ ಸುದ್ದಿ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆದರೂ ನಾನು ಇದನ್ನು ಸೋಲು ಅನ್ನುವುದಿಲ್ಲ. 1978ರಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಬಿದ್ದ ಗುಡ್ಡೆಗಳ ಬುಡದಲ್ಲಿ ಬದುಕಿದವರು ನಾವು. ಜೇನು ಸತ್ತದ್ದನ್ನು ಮೊದಲು ಕಂಡವರು ನಮ್ಮಲ್ಲೇ ಇದ್ದಾರೆ. ಹೋದದ್ದು ವಾಪಸ್ ಬರಲು ಎಷ್ಟು ವರ್ಷ ಬೇಕು, ಮಧ್ಯೆ ಎಷ್ಟು ಸಲ ಹಿಂದೆ ಬೀಳಬೇಕು ಅಂತ ನಮಗೆ ಯಾರೂ ಹೇಳಬೇಕಾಗಿಲ್ಲ.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಹೆಚ್ಚಿನವು ಒಂದೇ ವಿಷಯ. ಈಗ ಪೇಟೆಗಳಲ್ಲಿ ಮಕಾವ್ ಜೋಡಿ ಮಾರಾಟಕ್ಕೆ ಸಿಗುತ್ತದೆ, ಸಾಕಬಹುದಾ? ಕಾನೂನು ಹೀಗಿದೆ. ನಮ್ಮ ನಾಡಿನ ಯಾವ ಗಿಳಿಯನ್ನೂ ಹಿಡಿಯುವ, ಮಾರುವ, ಸಾಕುವ ಹಾಗಿಲ್ಲ, ಅಪರಾಧ. ನಾನು ಚಿಕ್ಕವನಿದ್ದಾಗ ಮಾಡಿದ್ದನ್ನು ಈಗ ಯಾರೂ ಮಾಡಬಾರದು, ಮರಿ ಸಿಕ್ಕಿದರೆ ಅರಣ್ಯ ಇಲಾಖೆಗೆ ತಿಳಿಸಿ. ಮಕಾವ್‌ನಂಥ ಹೊರದೇಶದ ಹಕ್ಕಿಗೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 2022ರ ತಿದ್ದುಪಡಿಯ ಮೇಲೆ, 2024ರಲ್ಲಿ ಬಂದ ನಿಯಮದ ಪ್ರಕಾರ ಸರಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಲೇಬೇಕು. ಮರಿ ಆದರೂ ತಿಳಿಸಬೇಕು, ಸತ್ತರೂ ತಿಳಿಸಬೇಕು, ಕೈ ಬದಲಾದರೂ ತಿಳಿಸಬೇಕು. ಆದರೆ ನನ್ನನ್ನು ಕೇಳಿದರೆ ತೆಗೆದುಕೊಳ್ಳಬೇಡಿ. ನಲ್ವತ್ತು ಐವತ್ತು ವರ್ಷ ಬದುಕುವ ಹಕ್ಕಿ. ಸಿಟೌಟಿನ ಒಂದು ಮೂಲೆಯ ಪಂಜರದಲ್ಲಿ, ಮಾತಾಡಲು ತನ್ನವರು ಯಾರೂ ಇಲ್ಲದೆ, ಬೇಸರಕ್ಕೆ ತನ್ನ ಗರಿಯನ್ನು ತಾನೇ ಕಿತ್ತುಕೊಳ್ಳುವುದನ್ನು ನಾನು ಕಂಡಿದ್ದೇನೆ. ಎದೆ ಬೋಳಾಗಿತ್ತು, ಕೋಳಿ ಸುಲಿದ ಹಾಗೆ.

ಒಬ್ಬಳು ಎದ್ದು ನಿಂತು, ನಮ್ಮ ಮನೆಯಲ್ಲಿ ಲವ್ ಬರ್ಡ್ಸ್ ಇದೆ ಸರ್, ಇದನ್ನೆಲ್ಲ ಕೇಳಿ ಇವತ್ತೇ ಹಾರಿಸಿ ಬಿಡ್ತೇನೆ ಅಂದಳು. ಎಂಟನೇ ಕ್ಲಾಸಿನ ಹುಡುಗಿ. ಕಣ್ಣು ತುಂಬಿತ್ತು. ಬೇಡ ಮಗಾ ಅಂದೆ. ಅವಕ್ಕೆ ನಮ್ಮ ಕಾಡು ಗೊತ್ತಿಲ್ಲ, ಸಂಜೆಯೊಳಗೆ ಕಾಗೆಯೋ ಬೆಕ್ಕೋ ಹಿಡಿಯುತ್ತದೆ. ಸಾಕು ಹಕ್ಕಿಗೆ ರೋಗ ಇದ್ದರೆ ಇಲ್ಲಿಯ ಗಿಳಿಗಳಿಗೂ ದಾಟುತ್ತದೆ, ಕುರಸಾದಲ್ಲಿ ಆದದ್ದು ಈಗ ತಾನೇ ಕೇಳಿದೆಯಲ್ಲ. ಪಂಜರ ದೊಡ್ಡದು ಮಾಡು, ಚೆನ್ನಾಗಿ ನೋಡಿಕೋ, ಇನ್ನು ಹೊಸದು ತರಬೇಡ. ಅಷ್ಟು ಹೇಳಿದೆ.

ಎಲ್ಲ ಮುಗಿದು ಚಹಾ ಕುಡಿಯುವಾಗ ನಮ್ಮ ಕಡೆಯ ಒಬ್ಬ ಹಿರಿಯ ಕೃಷಿಕರು ನನ್ನನ್ನು ಬದಿಗೆ ಕರೆದರು. ಮಾಸ್ಟ್ರೇ, ನಮ್ಮ ಕೆಳಗಿನ ತೋಟದಲ್ಲಿ ಒಂದು ತೆಂಗಿನ ಬೊಡ್ಡೆ ಇದೆ, ಮಂಡೆ ಹೋಗಿ ಎರಡು ವರ್ಷ ಆಯಿತು, ಬುಡ ಗಟ್ಟಿ ಇದೆ, ಬಿದ್ದರೂ ತೋಡಿನ ಕಡೆಗೇ, ಆದರೂ ಕಡಿಯಲು ಬರುವ ಸೋಮವಾರಕ್ಕೆ ಜನ ಹೇಳಿಯಾಗಿದೆ ಅಂದರು. ಗಿಳಿ ಉಂಟಾ ಅಂತ ಕೇಳಿದೆ. ಫೋನ್ ತೆಗೆದು ತೋರಿಸಿದರು. ಮಗಳು ತೆಗೆದ ವಿಡಿಯೋ. ಹದಿನೈದು ಅಡಿ ಎತ್ತರದಲ್ಲಿ ಒಂದು ಗುಂಡನೆ ತೂತು, ಅದರ ಬಾಯಿ ಸವೆದು ನುಣ್ಣಗಾಗಿತ್ತು. ಒಳಗಿನಿಂದ ಒಂದು ಹಸುರು ತಲೆ ಹೊರಗೆ ಬಂತು, ಆ ಕಡೆ ಈ ಕಡೆ ನೋಡಿತು, ಒಳಗೆ ಹೋಯಿತು. ಅವರು ಫೋನ್ ಕಿಸೆಗೆ ಹಾಕಿಕೊಂಡು, ಜನರಿಗೆ ಬರುವುದು ಬೇಡ ಅಂತ ಈಗಲೇ ಹೇಳಿ ಬರ್ತೇನೆ ಅಂತ ಚಪ್ಪಲಿ ಮೆಟ್ಟಿ ಹೊರಟರು.